ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ – ಕರಾವಳಿಯ ಕುಂಭ ಮಾಸದ (ಫೆಬ್ರವರಿ–ಮಾರ್ಚ್) ಬಿತ್ತನೆ

ಪ್ರಶ್ನೆ: ನಮ್ಮ ಮನೆ ಕಡಲಿನಿಂದ ಅರ್ಧ ಕಿಲೋಮೀಟರು ದೂರದಲ್ಲಿದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಬಿತ್ತಿದ ಬೆಂಡೆ ಮತ್ತು ಅಲಸಂಡೆ ಮೊದಲು ಚೆನ್ನಾಗಿಯೇ ಇದ್ದವು. ಮಾರ್ಚ್ ಕೊನೆಯ ಹೊತ್ತಿಗೆ ಎಲೆಯ ಅಂಚುಗಳು ಸುಟ್ಟಂತೆ ಒಣಗಿದವು. ಗೊಬ್ಬರ ಹೆಚ್ಚಿಸಿದರೂ ಚೇತರಿಸಿಕೊಳ್ಳಲಿಲ್ಲ. ಈ ವರ್ಷ ಏನು ಮಾಡಬೇಕು? (ಉಳ್ಳಾಲದಿಂದ)

ಉತ್ತರ: ನೀವು ಬರೆದ ಲಕ್ಷಣಗಳನ್ನು ನೋಡಿದರೆ, ನಿಮ್ಮ ಬಾವಿಯ ನೀರಿನಲ್ಲಿ ಉಪ್ಪು ಏರಿರಬೇಕೆಂದೇ ತೋರುತ್ತದೆ. ಕಡಲ ಕರೆಯ ಹೊಯಿಗೆ (ಮರಳು) ನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಏಕೆಂದರೆ ಸಿಹಿನೀರು ಹಗುರ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೂ ಸಿಹಿನೀರೇ ಇರುತ್ತದೆ ಎಂಬುದು ಭೂಜಲ ತಜ್ಞರ ಸ್ಥೂಲ ಲೆಕ್ಕ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಬೇಸಗೆಯಲ್ಲಿ ಪಂಪು ಹಾಕಿ ಬಾವಿಯ ನೀರನ್ನು ಒಂದಡಿ ಇಳಿಸಿದಾಗ ಕೆಳಗಿನ ಉಪ್ಪುನೀರು ಎಷ್ಟು ಮೇಲೇರಲು ದಾರಿಯಾಗುತ್ತದೆ ಎಂಬುದು ತಿಳಿಯುತ್ತದೆ. ಆದ್ದರಿಂದ ಒಂದೇ ಸಲಕ್ಕೆ ಗಂಟೆಗಟ್ಟಲೆ ಪಂಪು ಓಡಿಸದೆ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ನೀರೆತ್ತಿ ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳಿ. ನೀರು ನಾಲಗೆಗೆ ಉಪ್ಪೆನಿಸುವವರೆಗೆ ಕಾಯಬೇಡಿ. ಫೆಬ್ರವರಿಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಇನ್ನೊಮ್ಮೆ ಮಣ್ಣು ಮತ್ತು ನೀರಿನ ಪರೀಕ್ಷಾ ಕೇಂದ್ರದಲ್ಲಿ ನೀರಿನ ವಿದ್ಯುತ್ ವಾಹಕತೆಯನ್ನು (ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ) ಅಳೆಸಿರಿ. ಅದು ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಯಾವ ತರಕಾರಿಗೂ ಅಡ್ಡಿಯಿಲ್ಲ. 3ನ್ನು ದಾಟಿದರೆ ಆ ನೀರನ್ನು ತೆಂಗಿನ ಮರಗಳಿಗೆ ಬಿಟ್ಟು, ತರಕಾರಿಗೆ ಬೇರೆ ನೀರನ್ನು ಹುಡುಕುವುದೇ ಸರಿ.

ಗೊಬ್ಬರ ಹೆಚ್ಚಿಸಿದರೂ ಗಿಡ ಚೇತರಿಸಿಕೊಳ್ಳಲಿಲ್ಲ ಎಂದಿದ್ದೀರಿ. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಲವಣವೇ ಆದುದರಿಂದ ಬೇರಿನ ಕಷ್ಟ ಇಮ್ಮಡಿಯಾಯಿತು, ಅಷ್ಟೆ. ಹೊಯಿಗೆಗೆ ಬೇಕಾದುದು ನೀರನ್ನು ಹಿಡಿದಿಡುವ ಶಕ್ತಿ. ಹೊಂಡದ ತಳದಲ್ಲಿ ತೆಂಗಿನ ಸಿಪ್ಪೆಗಳನ್ನು, ಒಳಮುಖ ಮೇಲಾಗುವಂತೆ, ಒತ್ತೊತ್ತಾಗಿ ಹಾಸಿ, ಅದರ ಮೇಲೆ ಕೆಂಪುಮಣ್ಣು ಮತ್ತು ಹುಡಿಯಾದ ಹಟ್ಟಿಗೊಬ್ಬರವನ್ನು ಸಮಪಾಲಿನಲ್ಲಿ ತುಂಬಿರಿ. ಸಿಪ್ಪೆ ಉಪ್ಪುನೀರಿನ ಹೊಳೆಯಲ್ಲಿ ಕೊಳೆಸಿದ್ದಾಗಿರಬಾರದು. ಬುಡಕ್ಕೆ ನಾಲ್ಕು ಬೆರಳು ದಪ್ಪಕ್ಕೆ ತರಗೆಲೆ ಹೊದಿಸಿದರೆ ನೀರು ಆವಿಯಾಗಿ ಉಪ್ಪು ಮೇಲೆ ಹೆಪ್ಪುಗಟ್ಟುವುದು ತಪ್ಪುತ್ತದೆ. ನೀರನ್ನು ಎಲೆಗಳ ಮೇಲೆ ಚಿಮುಕಿಸದೆ ಬುಡಕ್ಕೇ ಹಾಕಬೇಕು. ದಿನವೂ ಮೇಲುಮೇಲಕ್ಕೆ ನೆನೆಸುವುದಕ್ಕಿಂತ, ಹತ್ತು ದಿನಗಳಿಗೊಮ್ಮೆಯಾದರೂ ಬೇರಿನ ಕೆಳಗಿನವರೆಗೆ ಇಳಿಯುವಷ್ಟು ಧಾರಾಳವಾಗಿ ಹಾಕಿದರೆ, ಕೂಡಿಕೊಂಡ ಉಪ್ಪು ತಳಕ್ಕೆ ತೊಳೆದು ಹೋಗುತ್ತದೆ. ಮಧ್ಯಾಹ್ನದ ಕಡಲಗಾಳಿಗೆ ಪಡುವಣ ಬದಿಯಲ್ಲಿ ಹೆಣೆದ ತೆಂಗಿನ ಮಡಲಿನ ತಟ್ಟಿಯನ್ನು ಕಟ್ಟಿರಿ. ಇಷ್ಟು ಮಾಡುವುದಾದರೆ ಧೈರ್ಯವಾಗಿ ಬಿತ್ತಬಹುದು. ಅಲಸಂಡೆ ಬೆಂಡೆಗಿಂತ ಉಪ್ಪನ್ನು ಹೆಚ್ಚು ತಡೆದುಕೊಳ್ಳುವುದರಿಂದ ಅದರ ಸಾಲುಗಳನ್ನು ಹೆಚ್ಚಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಮುರಕಲ್ಲಿನ ಕೆಂಪು ನೆಲ. ಮಟ್ಟು ಗುಳ್ಳ (ಉಡುಪಿಯ ಮಟ್ಟು ಊರಿನ ಬದನೆ) ಮತ್ತು ಟೊಮೆಟೊ ನೆಟ್ಟೆವು. ಹೂಬಿಡುವ ಹೊತ್ತಿಗೆ ಹಸಿರಾಗಿದ್ದ ಗಿಡಗಳೇ ಒಂದೆರಡು ದಿನಗಳಲ್ಲಿ ಬಾಡಿ ಸತ್ತವು. ನೀರಿನ ಕೊರತೆ ಇರಲಿಲ್ಲ. (ಹೊನ್ನಾವರದಿಂದ)

ಉತ್ತರ: ಇದು ದುಂಡಾಣು ಸೊರಗು ರೋಗವಿರಬಹುದು. ಮನೆಯಲ್ಲೇ ಖಚಿತಪಡಿಸಿಕೊಳ್ಳುವ ದಾರಿಯಿದೆ. ಆಗ ತಾನೇ ಬಾಡಿದ ಗಿಡದ ಬುಡದ ಕಾಂಡದಿಂದ ಒಂದು ಗೇಣು ತುಂಡನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಇಳಿದು ಬಂದರೆ ರೋಗ ಅದೇ. ಇದಕ್ಕೆ ಸಿಂಪಡಿಸಿ ಗುಣಪಡಿಸುವ ಔಷಧವಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಸೊರಗಿದ ಗಿಡಕ್ಕೆ ವಾರಗಟ್ಟಲೆ ದುಡ್ಡು ಸುರಿದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಎರಡು ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಯಾವುದನ್ನೂ ನೆಡದೆ ಅಲಸಂಡೆ ಅಥವಾ ಹರಿವೆ ಬೆಳೆಯಿರಿ.

ವರ್ಷವರ್ಷವೂ ಜಡಿಮಳೆಗೆ ತೊಳೆದುಹೋಗುವ ನಮ್ಮ ಮುರಕಲ್ಲು ಮಣ್ಣು ಹುಳಿಯಾಗಿರುತ್ತದೆ. ಚದರ ಮೀಟರಿಗೆ 50ರಿಂದ 100 ಗ್ರಾಂನಷ್ಟು ಚಿಪ್ಪಿನ ಸುಣ್ಣದ ಹುಡಿಯನ್ನು ನಾಟಿಗೆ ಎರಡು ವಾರ ಮುಂಚೆ ಮಣ್ಣಿಗೆ ಸೇರಿಸಿ, ಹಟ್ಟಿಗೊಬ್ಬರವನ್ನು ಆಮೇಲೆ ಹಾಕಿ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಗೊಬ್ಬರದ ಸಾರಜನಕ ಗಾಳಿಪಾಲಾಗುತ್ತದೆ. ಹಿರಿಯರು ಮಾಡುತ್ತಿದ್ದ ಸುಡುಮಣ್ಣೂ ಬೂದಿಯೂ ಹುಳಿಯನ್ನು ತಗ್ಗಿಸುತ್ತವೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮಟ್ಟು ಗುಳ್ಳವನ್ನು ಬಿಡಲು ನಿಮಗೆ ಮನಸ್ಸಿಲ್ಲದಿದ್ದರೆ, ಅದು ಸಹಜವೇ. ಬದನೆಯ ಕಾಡು ಜಾತಿಯಾದ ಸುಂಡೆ ಗಿಡದ ಮೇಲೆ ಕಸಿ ಕಟ್ಟಿ ನೋಡಿ. ಸುಂಡೆಯ ಬೇರು ಈ ರೋಗವನ್ನು ಬಹುಮಟ್ಟಿಗೆ ತಡೆಯುತ್ತದೆ. ಅದರ ಬೀಜ ನಿಧಾನವಾಗಿ ಮೊಳೆಯುವುದರಿಂದ ಗುಳ್ಳಕ್ಕಿಂತ ಮೂರು ನಾಲ್ಕು ವಾರ ಮೊದಲೇ ಬಿತ್ತಬೇಕಾಗುತ್ತದೆ.

ಪ್ರಶ್ನೆ: ಈಗ ಕ್ಯಾರೆಟ್, ಹೂಕೋಸು ಹಾಕಬಹುದೇ? (ಕುಂದಾಪುರದಿಂದ)

ಉತ್ತರ: ಬೇಡ. ಅವುಗಳ ಕಾಲ ನವೆಂಬರಿನಲ್ಲೇ ಕಳೆಯಿತು. ಈಗ ಬಿತ್ತಿದ ಹರಿವೆ ತಿಂಗಳೊಳಗೆ ಅಡುಗೆಮನೆಗೆ ಬರುತ್ತದೆ, ಬೆಂಡೆ ಒಂದೂವರೆ ತಿಂಗಳಿಗೆ ಕಾಯಿ ಬಿಡುತ್ತದೆ. ಫೆಬ್ರವರಿಯೊಳಗೆ ಮಂಗಳೂರು ಸೌತೆಯನ್ನು ಬಿತ್ತಿದರೆ ಮೇ ತಿಂಗಳಲ್ಲಿ ಬಲಿತ ಕಾಯಿ ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಮಾಡಿನ ಕೆಳಗೆ ತೂಗಿಟ್ಟು ಮಳೆಗಾಲವಿಡೀ ಹುಳಿಗೆ ಬಳಸಬಹುದು.

ಪ್ರಶ್ನೆ: ಹಾಗಲ ಮತ್ತು ಹೀರೆಯ ಎಳೆಯ ಕಾಯಿಗಳು ಹಳದಿಯಾಗಿ, ಒಳಗೆ ಹುಳುವಾಗಿ ಉದುರುತ್ತವೆ. ಮಾವಿಗೆ ಬಳಸುವ ಬಲೆಯನ್ನು ತೂಗಿದರೂ ಪ್ರಯೋಜನವಾಗಲಿಲ್ಲ. (ಬಂಟ್ವಾಳದಿಂದ)

ಉತ್ತರ: ಮಾವಿನ ಹಣ್ಣುನೊಣವೂ ಬಳ್ಳಿ ತರಕಾರಿಯ ನೊಣವೂ ಬೇರೆ ಬೇರೆ. ನೊಣವನ್ನು ಸೆಳೆಯುವ ಮದ್ದುಗಳಲ್ಲಿ ಮಾವಿಗೆ ಮೀಥೈಲ್ ಯೂಜಿನಾಲ್ ಇರುವ ಬಲೆ, ಸೌತೆ ಹಾಗಲಗಳಿಗೆ ಕ್ಯೂ ಲ್ಯೂರ್ ಇರುವ ಬಲೆ ಬೇಕು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ ಪಡೆಯಿರಿ. ಈ ಬಲೆಗೆ ಬೀಳುವುದು ಗಂಡುನೊಣ ಮಾತ್ರ. ಹೆಣ್ಣುನೊಣ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆಯಿಡುವುದನ್ನು ತಡೆಯಲು, ಕಾಯಿ ಬೆರಳುದ್ದವಿರುವಾಗಲೇ ಕಾಗದದ ಅಥವಾ ತೆಳುಬಟ್ಟೆಯ ಚೀಲವನ್ನು ಕಟ್ಟಿಬಿಡಿ. ಉದುರಿದ ಕಾಯಿಗಳನ್ನು ಬುಡದಲ್ಲೇ ಬಿಟ್ಟರೆ ಹುಳುಗಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತವೆ. ಅವನ್ನು ದಿನವೂ ಹೆಕ್ಕಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಿಗಿಡಿ. ನಾನು ಕಂಡಂತೆ, ಬಲೆಗಿಂತಲೂ ಈ ಹೆಕ್ಕುವ ಕೆಲಸದಿಂದಲೇ ಹೆಚ್ಚು ಕಾಯಿ ಉಳಿಯುತ್ತದೆ.

ಪ್ರಶ್ನೆ: ಕೆಡ್ಡಸದ ದಿನಗಳಲ್ಲಿ ನೆಲ ಅಗೆಯಬಾರದೆಂದು ಅಜ್ಜಿ ಹೇಳುತ್ತಾರೆ. ಸುವರ್ಣಗೆಡ್ಡೆ ನೆಡಲು ತಡವಾಗುವುದಿಲ್ಲವೇ? (ಉಡುಪಿಯಿಂದ)

ಉತ್ತರ: ಸ್ವಲ್ಪವೂ ತಡವಾಗುವುದಿಲ್ಲ, ಅಜ್ಜಿಯ ಮಾತನ್ನು ನಡೆಸಿಕೊಡಿ. ಭೂಮಿತಾಯಿ ಮುಟ್ಟಾಗುತ್ತಾಳೆಂದು ತುಳುನಾಡು ನಂಬುವ ಕೆಡ್ಡಸ ಬರುವುದು ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಮಕರ ಮಾಸದ ಕೊನೆಯಲ್ಲಿ. ಸುವರ್ಣಗೆಡ್ಡೆಯ ನಾಟಿಗೆ ಹೇಳಿದ ಕಾಲ ಅದರ ಬೆನ್ನಿಗೇ ಬರುವ ಕುಂಭ ಮಾಸ, ಮತ್ತು ಅದು ಮಾರ್ಚ್ ನಡುವಿನವರೆಗೂ ಇರುತ್ತದೆ. ಆ ಮೂರು ನಾಲ್ಕು ದಿನಗಳಲ್ಲಿ ಗೆಡ್ಡೆಯನ್ನು ಸಿದ್ಧಮಾಡಿಕೊಳ್ಳಿ. ನಡುವಿನ ಮೊಳಕೆಯ ಭಾಗ ಪ್ರತಿಯೊಂದಕ್ಕೂ ಸ್ವಲ್ಪ ಸೇರುವಂತೆ ಅರ್ಧ ಕಿಲೋದಿಂದ ಒಂದು ಕಿಲೋ ತೂಕದ ಹೋಳುಗಳನ್ನು ಮಾಡಿ, ಬೂದಿ ಬೆರೆಸಿದ ಸೆಗಣಿನೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿಡಿ. ಕೆಡ್ಡಸ ಕಳೆದ ಬಳಿಕ ಮೂರು ಅಡಿ ಅಂತರದಲ್ಲಿ, ಎರಡು ಅಡಿ ಅಗಲ ಮತ್ತು ಒಂದೂವರೆ ಅಡಿ ಆಳದ ಹೊಂಡಗಳನ್ನು ತೆಗೆದು, ಸೊಪ್ಪು, ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿ ನೆಡಿರಿ. ಮೇಲೆ ತರಗೆಲೆಯನ್ನು ದಪ್ಪಕ್ಕೆ ಹೊದಿಸಿ. ಮೊಳಕೆ ಕಾಣುತ್ತಿಲ್ಲವೆಂದು ಮತ್ತೆ ಮತ್ತೆ ಕೆದಕಿ ನೋಡಬೇಡಿ. ಬೇಸಗೆಯ ಮಳೆ ಒಂದೆರಡು ಬಿದ್ದ ಮೇಲೆ ಅದು ತಾನಾಗಿಯೇ ಮೇಲೇಳುತ್ತದೆ.