ಆ ಗೆಳತಿಗೆ ಮೊದ್ಲು ಸುಮ್ನಿರೋಕೆ ಹೇಳಿ

ಈ ವಾರ ಬಂದ ಪತ್ರಗಳಲ್ಲಿ ಒಂದು ನನ್ನನ್ನ ಎರಡು ದಿನ ಬಿಡ್ಲೇ ಇಲ್ಲ. ಬರ್ದೋರಿಗೆ 36 ವರ್ಷ, ಅಕೌಂಟ್ಸ್ ಸೆಕ್ಷನ್ನಲ್ಲಿ ಕೆಲ್ಸ, ಓದಿದ್ದೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ಓದ್ತಾರೆ, ಮೇಲ್ ಬರೀತಾರೆ, ರಿಪೋರ್ಟ್ ಮಾಡ್ತಾರೆ, ಬೇರೆಯವ್ರು ಮಾತಾಡಿದ್ದು ಪೂರ್ತಿ ಅರ್ಥ ಆಗುತ್ತೆ. ಮೀಟಿಂಗಲ್ಲಿ ತಾವು ಬಾಯಿ ತೆಗೆದ್ರೆ ಮಾತ್ರ ಎರಡು ಪದ ಬಂದು ಮೂರನೇದಕ್ಕೆ ಗಂಟಲು ಕಟ್ಟುತ್ತೆ. ಮೂರು ಸ್ಪೋಕನ್ ಇಂಗ್ಲಿಷ್ ಕೋರ್ಸ್ ಆಯ್ತು, ಎರಡು ಗ್ರಾಮರ್ ಪುಸ್ತಕ ಮೊದಲಿಂದ ಕೊನೆವರೆಗೂ ಮುಗಿದ್ವು. ಒಂದ್ಸಲ 'ಡೆಟ್' (debt, ಸಾಲ) ಅನ್ನೋದನ್ನ 'ಡೆಬ್ಟ್' ಅಂದಿದ್ದಕ್ಕೆ ಯಾರೋ ನಕ್ರು, ಅವತ್ತಿಂದ ಇನ್ನೂ ಭಯ. "ಮ್ಯಾನೇಜರ್ ನನ್ನನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ನಾಲ್ಕನೇ ಕೋರ್ಸ್ ಸೇರ್ಲಾ, ಇಲ್ಲ ನನ್ನ ಹಣೆಬರಹ ಇಷ್ಟೇ ಅಂತ ಬಿಟ್ಬಿಡ್ಲಾ?" ಅಂತ ಕೇಳಿದಾರೆ.

ಪತ್ರ ನಾಲ್ಕು ಪುಟ ಇದೆ. ಎರಡು ಪುಟ ಮ್ಯಾನೇಜರ್ ಮೇಲಿನ ದೂರು, ಒಂದು ಪುಟ ಟೆನ್ಸ್ ಬಗ್ಗೆ. ಮೂರನೇ ಪುಟದ ಕೊನೇಲಿ, ಹೋಗ್ತಾ ಹೋಗ್ತಾ ಹೇಳಿದ ಹಾಗೆ ಒಂದು ಸಾಲು: "ಪಕ್ಕದಲ್ಲಿ ಕೂರೋ ಗೆಳತಿ ತುಂಬಾ ಒಳ್ಳೆಯವಳು, ನಾನು ತಡವರಿಸಿದ ತಕ್ಷಣ ವಾಕ್ಯ ಮುಗಿಸಿ ನನ್ನ ಮಾನ ಉಳಿಸ್ತಾಳೆ, ಹೋದ ತಿಂಗಳು ನನ್ನ ರಿಪೋರ್ಟನ್ನೂ ಅವಳೇ ಪ್ರೆಸೆಂಟ್ ಮಾಡಿದ್ಲು."

ನೋಡಮ್ಮ, ನಿಮ್ಮ ಇಡೀ ಪತ್ರ ಆ ಸಾಲಲ್ಲಿದೆ. ನೀವು ಮಾಡಿದ ರಿಪೋರ್ಟ್ ಬೇರೆಯವಳ ಬಾಯಿಂದ ಬಂತು, ಅದನ್ನ ನೀವು ಉಪಕಾರ ಅಂತ ಬರ್ದಿದೀರಿ.

ಮ್ಯಾನೇಜರ್ ವಿಷಯದಲ್ಲಿ ನಾನು ನಿಮ್ಮ ಪರ ನಿಲ್ಲಲ್ಲ. ಆ ಮನುಷ್ಯ ಪ್ರಶ್ನೆ ಕೇಳಿದ್ದು ನಿಮ್ಮನ್ನ, ಉತ್ತರ ಬಂದಿದ್ದು ಪಕ್ಕದ ಕುರ್ಚಿಯಿಂದ, ಹತ್ತು ಸಲ ಹೀಗಾದ್ರೆ ಹನ್ನೊಂದನೇ ಸಲ ಅವರು ನೇರವಾಗಿ ಪಕ್ಕದ ಕುರ್ಚಿ ಕಡೆ ತಿರುಗ್ತಾರೆ, ಯಾರಾದ್ರೂ ತಿರುಗ್ತಾರೆ. ತಪ್ಪು ಇರೋದು ಆ ಗೆಳತಿದು. ಅವಳ ಮನಸ್ಸು ಒಳ್ಳೇದೇ ಇರಬಹುದು, ನಾನು ಅದನ್ನ ಅನುಮಾನಿಸಲ್ಲ. ಆದ್ರೆ ನೀವು ನಾಲ್ಕನೇ ಕೋರ್ಸ್ ಯೋಚನೆ ಮಾಡೋ ಹಾಗೆ ಆಗಿದ್ದು ಅವಳ ಒಳ್ಳೇತನದಿಂದ್ಲೇ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ ಅಂದ್ರೆ, ನೀವು ಎಲ್ಲಿ ನಿಲ್ತೀರಿ ಅನ್ನೋದು ನಂಗೆ ಗೊತ್ತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತೆ. "ನಾನು ನಿನ್ನೆ ಆ ಬಿಲ್ಲನ್ನ ಅವರಿಗೆ ಕಳಿಸ್ದೆ" ಅನ್ನುವಾಗ 'ಕಳಿಸ್ದೆ' ಅನ್ನೋದನ್ನ ಯೋಚನೆ ಮಾಡೋಕೆ ನಮಗೆ ಪೂರ್ತಿ ವಾಕ್ಯದಷ್ಟು ಟೈಮ್ ಇರುತ್ತೆ. ಇಂಗ್ಲಿಷಲ್ಲಿ ಹಾಗಲ್ಲ, 'ಐ' ಅಂದ ಕೂಡ್ಲೇ 'ಸೆಂಟ್' ಬರಬೇಕು, ಅದೂ ಕಾಲ ಸರಿಯಾಗಿ ಹೊಂದಿಸ್ಕೊಂಡು. ಹಾಗಾಗಿ ಎರಡನೇ, ಮೂರನೇ ಪದದ ಹತ್ರಾನೇ ನಿಮ್ಮ ಮನಸ್ಸು ಒಂದೆರಡು ಸೆಕೆಂಡ್ ಹುಡುಕುತ್ತೆ. ಇದು ಭಾಷೆ ಬರಲ್ಲ ಅನ್ನೋದರ ಗುರುತಲ್ಲ, ಒಂದು ಭಾಷೆಯ ಜೋಡಣೆಯಿಂದ ಇನ್ನೊಂದಕ್ಕೆ ದಾಟೋ ಕೆಲ್ಸ ನಡೀತಿದೆ ಅಷ್ಟೆ. ಆ ಹುಡುಕಾಟ ಮುಗಿಯೋ ಮುಂಚೆ ಪಕ್ಕದವಳು ಪದ ಕೈಗಿಟ್ಟುಬಿಟ್ರೆ ಹುಡುಕೋ ಅಭ್ಯಾಸ ಆಗೋದು ಯಾವಾಗ?

ಅವಳಿಗೂ ಆ ಮೌನ ತಡ್ಕೊಳ್ಳೋಕಾಗಲ್ಲ ಅನ್ನೋದು ನಿಜ. ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿ 2009ರಲ್ಲಿ ಸಂಶೋಧಕರು ಹೇಳಿದ್ದು ಏನಂದ್ರೆ, ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ರು ಉತ್ತರ ಶುರು ಮಾಡೋಕೆ ತಗೊಳ್ಳೋ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಅಷ್ಟು ಚಿಕ್ಕ ಬಿಡುವಿಗೆ ಒಗ್ಗಿದ ಕಿವಿಗೆ ನಿಮ್ಮ ಎರಡು ಸೆಕೆಂಡ್ ಒಂದು ಯುಗದ ಹಾಗೆ ಕಾಣುತ್ತೆ. ಆದ್ರೆ ಕಾದ್ರೆ ಏನಾಗುತ್ತೆ ಅನ್ನೋದೂ ಗೊತ್ತಿರೋ ವಿಷಯ. ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಕ್ಲಾಸ್‌ರೂಮುಗಳನ್ನ ಗಮನಿಸಿದಾಗ, ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯ್ತಿದ್ರು. ಅದನ್ನ ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದ ಆಯ್ತು, ಸುಮ್ನೆ ಕೂತಿರ್ತಿದ್ದ ಮಕ್ಕಳೂ ಬಾಯಿ ಬಿಟ್ರು. ಬರೀ ಮೂರು ಸೆಕೆಂಡ್!

ನಾನೇ ಆ ಗೆಳತಿ ಆಗಿದ್ದೆ ಒಂದು ಕಾಲದಲ್ಲಿ. ನನ್ನ ಅಕ್ಕನ ಮಗ ಇಂಗ್ಲಿಷಲ್ಲಿ ಏನಾದ್ರೂ ಹೇಳೋಕೆ ಬಂದ್ರೆ ಪ್ರೀತಿಯಿಂದ್ಲೇ ಪದ ಹೇಳ್ಕೊಡ್ತಿದ್ದೆ, ಅವನು 'ಐ...' ಅನ್ನೋಷ್ಟರಲ್ಲಿ ಉಳಿದದ್ದು ನಾನೇ ಹೇಳಿ ಮುಗಿಸ್ತಿದ್ದೆ. ಕೆಲವು ತಿಂಗಳಲ್ಲಿ ಅವನು ನನ್ನ ಹತ್ರ ಇಂಗ್ಲಿಷ್ ಮಾತಾಡೋದನ್ನೇ ಬಿಟ್ಟ. ಬೇರೆಯವ್ರ ಜೊತೆ ಮಾತಾಡ್ತಿದ್ದ, ನನ್ನ ಜೊತೆ ಇಲ್ಲ. ಅದು ನಂಗೆ ಇವತ್ತಿಗೂ ನೋವು.

ಇನ್ನು ಕೋರ್ಸ್ ವಿಷಯ. ಈ ಅಂಕಣ ಓದ್ತಾ ಬಂದೋರಿಗೆ ಗೊತ್ತು, ಕೇಳಿ ಕೇಳಿ ಓದಿ ಓದಿ ಮಾತು ತಾನಾಗೇ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನ ಫ್ರೆಂಚಲ್ಲೇ ಪಾಠ ಮಾಡೋ ಸ್ಕೂಲಿಗೆ ಹಾಕಿದ್ರು, ವರ್ಷಗಟ್ಟಲೆ ಕಲಿತ ಮೇಲೆ ಆ ಮಕ್ಕಳಿಗೆ ಫ್ರೆಂಚ್ ತುಂಬಾ ಚೆನ್ನಾಗಿ ಅರ್ಥ ಆಗ್ತಿತ್ತು, ಆದ್ರೆ ಮಾತು ಬರವಣಿಗೆಯ ವ್ಯಾಕರಣ ಆ ಮಟ್ಟಕ್ಕೆ ಬರಲಿಲ್ಲ. ಅವರನ್ನ ಅಧ್ಯಯನ ಮಾಡಿದ ಮೆರಿಲ್ ಸ್ವೇನ್ 1985ರಲ್ಲಿ ಹೇಳಿದ್ದು ಇದೇ, ಆ ಮಕ್ಕಳಿಗೆ ತಾವೇ ಹೇಳಿ ಮುಗಿಸಬೇಕಾದ ಒತ್ತಾಯ ಸಾಲಲಿಲ್ಲ, ಹೇಳೋಕೆ ಹೊರಟು ಸಿಕ್ಕಿಹಾಕ್ಕೊಂಡಾಗ್ಲೇ ತನಗೆ ಏನು ಬರಲ್ಲ ಅನ್ನೋದು ಕಾಣೋದು. ನಿಮ್ಮದೂ ಅದೇ ಸ್ಥಿತಿ. ನಿಮ್ಮ ಟೆನ್ಸ್‌ಗಳು ಈಮೇಲಲ್ಲಿ ಸರಿಯಾಗೇ ಇವೆ ಅಂತ ನೀವೇ ಬರ್ದಿದೀರಿ, ಮತ್ತೆ ಪುಸ್ತಕದಲ್ಲಿ ಇನ್ನೇನು ಹುಡುಕ್ತೀರಿ, ದಯವಿಟ್ಟು ನಾಲ್ಕನೇ ಕೋರ್ಸಿಗೆ ದುಡ್ಡು ಕಟ್ಬೇಡಿ.

'ಡೆಬ್ಟ್' ಅಂದಿದ್ದಕ್ಕೆ ನಕ್ರಲ್ಲ, ಅವರಿಗೆ ಗೊತ್ತಿಲ್ಲದೇ ಇರೋದು ಒಂದಿದೆ. ಫ್ರೆಂಚಿಂದ ಇಂಗ್ಲಿಷಿಗೆ ಬಂದಾಗ ಆ ಪದದಲ್ಲಿ 'ಬಿ' ಇರಲೇ ಇಲ್ಲ. ಲ್ಯಾಟಿನ್ ಮೂಲ ಕಾಣ್ಲಿ ಅಂತ ಪಂಡಿತರು ಆಮೇಲೆ ಆ ಅಕ್ಷರ ಸೇರಿಸಿದ್ರು, ಬರವಣಿಗೆಗೆ ಬಂತು, ಬಾಯಿಗೆ ಬರಲಿಲ್ಲ. ನೀವು ಬರ್ದಿದ್ದನ್ನ ಬರ್ದ ಹಾಗೇ ಓದಿದ್ರಿ, ಕನ್ನಡ ಓದೋರು ಹಾಗೇ ಓದೋದು. ಉಚ್ಚಾರಣೆ ಬಗ್ಗೆ ನಾಚಿಕೆ ಪಡೋರಿಗೆಲ್ಲ ನಾನು ಜೋಸೆಫ್ ಕಾನ್ರಾಡ್ ಹೆಸರು ಹೇಳ್ತೀನಿ. ಪೋಲಿಷ್ ಮನೆಮಾತಿನ ಮನುಷ್ಯ, ಇಂಗ್ಲಿಷ್ ಕಲಿತಿದ್ದು ಇಪ್ಪತ್ತು ದಾಟಿದ ಮೇಲೆ, ಇಂಗ್ಲಿಷಿನ ದೊಡ್ಡ ಕಾದಂಬರಿಕಾರ ಆದ, ಮಾತಲ್ಲಿ ಆ ಪೋಲಿಷ್ ಎಳೆತ ಸಾಯೋವರೆಗೂ ಹೋಗಲಿಲ್ಲ.

ಮಾಡಬೇಕಾದ್ದು ಒಂದೇ. ಮುಂದಿನ ಮೀಟಿಂಗ್ ಮುಂಚೆ ಆ ಗೆಳತಿಯನ್ನ ಪಕ್ಕಕ್ಕೆ ಕರೆದು, ಕನ್ನಡದಲ್ಲೇ, ಇಷ್ಟು ಹೇಳಿ: "ಇನ್ಮೇಲೆ ನಾನು ಎಲ್ಲಿ ನಿಂತ್ರೂ ನೀನು ಬಾಯಿ ಹಾಕ್ಬೇಡ ಕಣೆ, ನಂಗೆ ಎಷ್ಟೇ ಕಷ್ಟ ಆದ್ರೂ ನಾನೇ ಮುಗಿಸ್ತೀನಿ." ಕ್ಷಮೆ ಕೇಳ್ಬೇಡಿ, ಕಾರಣ ವಿವರಿಸೋಕೆ ಹೋಗ್ಬೇಡಿ. ಬೇಜಾರು ಮಾಡ್ಕೊಂಡ್ರೆ ಎರಡು ದಿನ ಬೇಜಾರಲ್ಲಿರ್ಲಿ. ಮೀಟಿಂಗಲ್ಲಿ ಮರೆತು ಬಾಯಿ ಹಾಕಿದ್ರೆ ಕೈ ಎತ್ತಿ "ಲೆಟ್ ಮಿ ಫಿನಿಶ್" ಅನ್ನಿ. ಅದೊಂದು ಮಾತ್ರ ಮನೇಲಿ ಜೋರಾಗಿ ಇಪ್ಪತ್ತು ಸಲ ಹೇಳಿ ಅಭ್ಯಾಸ ಮಾಡ್ಕೊಂಡು ಹೋಗಿ, ಬೇರೇನೂ ತಯಾರಿ ಬೇಡ. ಮತ್ತೆ ನಿಮ್ಮ ಮುಂದಿನ ರಿಪೋರ್ಟ್ ನಿಮ್ಮ ಕೈಯಲ್ಲೇ ಇರ್ಲಿ, ಅವಳ ಕಂಪ್ಯೂಟರಿಗೆ ಹೋಗೋದು ಬೇಡ.

ಆಮೇಲೆ ನಂಗೆ ಬರೀರಿ. ನೀವೇ ಮುಗಿಸಿದ ಮೊದಲನೇ ವಾಕ್ಯ ಯಾವುದು ಅಂತ ಹೇಗೆ ಬಂತೋ ಹಾಗೇ ಬರ್ದು ಕಳಿಸಿ, ತಪ್ಪಿದ್ರೆ ತಿದ್ದಬೇಡಿ.