ಜಾರ್ಜ್ ಲ್ಯಾನ್ಸ್‌ಬರಿ ಯಾರು, ಜೈಲಿಗೆ ಯಾಕೆ ಹೋದ್ರು?

ಲ್ಯಾನ್ಸ್‌ಬರಿ (1859–1940) ಪೂರ್ವ ಲಂಡನ್ನಿನ ಪಾಪ್ಲರ್‌ನ ಲೇಬರ್ ಲೀಡರ್ರು, ಚಿಕ್ಕ ವಯಸ್ಸಲ್ಲೇ ದುಡಿಯೋಕೆ ಇಳಿದೋರು. 1912ರಲ್ಲಿ ಹೆಂಗಸರಿಗೂ ಓಟು ಬೇಕು ಅಂತ ಎಂಪಿ ಸೀಟೇ ಬಿಟ್ಟು ಮತ್ತೆ ಎಲೆಕ್ಷನ್‌ಗೆ ನಿಂತು ಸೋತ್ರು.

ಜೈಲಿನ ವಿಷ್ಯ 1921ರದ್ದು. ಆಗ ಕೆಲಸ ಇಲ್ದೋರಿಗೆ ಕೊಡೋ ಸಹಾಯಧನನ ಆಯಾ ಏರಿಯಾದ ತೆರಿಗೆಯಿಂದ್ಲೇ ಕೊಡ್ಬೇಕಿತ್ತು, ಅಂದ್ರೆ ಬಡವರ ಏರಿಯಾಗೇ ಜಾಸ್ತಿ ಹೊರೆ, ಎಂಥ ಅನ್ಯಾಯ ನೋಡಿ! ಅದಕ್ಕೆ ಪಾಪ್ಲರ್ ಕೌನ್ಸಿಲ್ನೋರು (ಆ ಏರಿಯಾದ ಸ್ಥಳೀಯ ಆಡಳಿತ) ಇಡೀ ಲಂಡನ್ ನೋಡ್ಕೊಳ್ಳೋ ಲಂಡನ್ ಕೌಂಟಿಗೆ ಕಟ್ಬೇಕಾದ ಪಾಲು ಕಟ್ಟಲ್ಲ ಅಂದ್ಬಿಟ್ರು, ಅದಕ್ಕೇ ಲ್ಯಾನ್ಸ್‌ಬರಿ ಸೇರಿ 30 ಜನ ಸದಸ್ಯರು ಸುಮಾರು ಆರು ವಾರ ಜೈಲಲ್ಲಿದ್ರು, ಕೌನ್ಸಿಲ್ ಮೀಟಿಂಗ್ ಬ್ರಿಕ್ಸ್‌ಟನ್ ಜೈಲಲ್ಲೇ ನಡೀತು, ಹಾಲೊವೇ ಜೈಲಲ್ಲಿದ್ದ ಮಹಿಳಾ ಸದಸ್ಯರನ್ನೂ ಅಲ್ಲಿಗೇ ಕರ್ಕೊಂಡ್ಬರ್ತಿದ್ರು. ಕೊನೆಗೆ ಸರ್ಕಾರನೇ ಬಗ್ಗಿ, ಶ್ರೀಮಂತ ಏರಿಯಾಗಳೂ ಹೊರೆ ಹಂಚ್ಕೊಳ್ಳೋ ಕಾನೂನು ತಂತು. ಜೈಲಿಗೆ ಹೋಗಿದ್ದ ಸೊಸೆ ಮಿನ್ನಿ 1922ರ ಜನವರಿಲಿ ತೀರ್ಕೊಂಡ್ರು, ಬರೀ 32 ವರ್ಷ.