ಬಿ.ಕಾಂ. ಬಳಿಕ ಎಂ.ಎಸ್.ಡಬ್ಲ್ಯು.: ಉಡುಪಿಯ ಪ್ರಶ್ನೆಗೆ ಪ್ರತಿಕ್ರಿಯೆ

ಬಿ.ಕಾಂ. ಆದ ಮೇಲೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಬೇಕೆಂದಿದ್ದೇನೆ, ತಂದೆಯವರು ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಉಡುಪಿಯಿಂದ ಕೇಳಿದ್ದೀರಿ. ‘ಸೇವೆಗೆ ಸಂಬಳ ಯಾರು ಕೊಡುತ್ತಾರೆ’ ಎಂದು ನಿಮ್ಮ ತಂದೆಯವರು ತಡೆಯುತ್ತಿರುವುದಕ್ಕೆ, ಬಿಡುವಿನ ಸಮಾಜಸೇವೆಯನ್ನೂ ವೃತ್ತಿಯಾದ ಸಮಾಜಕಾರ್ಯವನ್ನೂ ಅವರು ಒಂದೇ ಎಂದು ಭಾವಿಸಿರುವುದು ಕಾರಣವಿರಬಹುದು. ನಮ್ಮ ಮನೆಯಲ್ಲೂ ಹಾಗೆಯೇ ಆಗಿತ್ತು. ಬಿ.ಕಾಂ. ಮುಗಿಸಿದವರೂ ಎರಡು ವರ್ಷಗಳ ಎಂ.ಎಸ್.ಡಬ್ಲ್ಯು. ಸೇರಬಹುದು. ಅರ್ಜಿ ಹಾಕುವ ಮೊದಲು ಒಂದು ತಿಂಗಳಾದರೂ ಹತ್ತಿರದ ವೃದ್ಧಾಶ್ರಮದಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಕೆಲಸ ಮಾಡಿ ನೋಡಿ. ಕುಡಿತ ಬಿಟ್ಟಿದ್ದವರು ಮೂರನೆಯ ಸಲ ಮರಳಿ ಬಂದು, ಕೈಯಲ್ಲಿ ಚೀಟಿಯನ್ನು ಮಡಚುತ್ತಾ ತಲೆತಗ್ಗಿಸಿ ಕುಳಿತಾಗ, ಬೈಯದೆ, ಉಪದೇಶಿಸದೆ ಅವರೆದುರು ಅರ್ಧ ಗಂಟೆ ಕೂರಲು ನಿಮಗೆ ಸಾಧ್ಯವೇ ಎಂಬುದು ನನ್ನ ಮಟ್ಟಿಗೆ ಅಂಕಪಟ್ಟಿಗಿಂತ ದೊಡ್ಡ ಅರ್ಹತೆ. ಅನಂತರ 1960ರಲ್ಲಿ ಆರಂಭವಾದ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯಕ್ಕೆ ತಂದೆಯವರನ್ನೇ ಕರೆದುಕೊಂಡು ಹೋಗಿ, ಹಿರಿಯ ವಿದ್ಯಾರ್ಥಿಗಳು ಈಗ ಆಸ್ಪತ್ರೆ, ಸಮುದಾಯ, ಕಾರ್ಖಾನೆಗಳಲ್ಲಿ ಯಾವ ಹುದ್ದೆಯಲ್ಲಿದ್ದಾರೆ ಎಂದು ನೇರವಾಗಿ ವಿಚಾರಿಸಿ.